ಕೊಡಗಿನಲ್ಲಿ ನಾಯಿಗಳಿಗೆ ಅಜಿಲಿಟಿ ತರಬೇತಿ: ಸಲಕರಣೆ ಕೊಳ್ಳುವ ಮೊದಲು ಏನು ಕಲಿಸಬೇಕು?

ಪೊನ್ನಂಪೇಟೆಯ ಸದಸ್ಯರು (ಮೂಲ ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಏಳು ತಿಂಗಳ ಒಂದು ಲ್ಯಾಬ್ರಡಾರ್ ಗಂಡುಮರಿಯೂ ಮೂರು ವರ್ಷದ ಒಂದು ನಾಟಿ ಹೆಣ್ಣುನಾಯಿಯೂ ಇವೆ. ಎರಡಕ್ಕೂ ಓಟವೆಂದರೆ ಪ್ರಾಣ. ಅಕ್ಕಪಕ್ಕದ ತೋಟದ ಮನೆಗಳಲ್ಲಿಯೂ ಇಂತಹ ಚುರುಕಾದ ನಾಯಿಗಳಿರುವುದರಿಂದ, ನಾವು ನಾಲ್ಕೈದು ಮನೆಯವರು ಸೇರಿ ಅಜಿಲಿಟಿ, ಅಂದರೆ ಅಡೆತಡೆಗಳನ್ನು ದಾಟುತ್ತ ಓಡುವ ಆಟದ ತರಬೇತಿಯನ್ನು ವಾರಕ್ಕೊಮ್ಮೆಯಾದರೂ ಇಲ್ಲಿಯೇ ನಡೆಸಬೇಕೆಂದು ಮಾತನಾಡಿಕೊಂಡಿದ್ದೇವೆ. ತೋಟದ ಕೆಲಸ ಬಿಟ್ಟು ಪ್ರತಿವಾರ ನಾಯಿಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಬೆಂಗಳೂರಿಗೆ ಹೋಗಿಬರುವುದು ನಮ್ಮಿಂದ ಆಗುವ ಮಾತಲ್ಲ.

ಎಲ್ಲರೂ ಸ್ವಲ್ಪ ಸ್ವಲ್ಪ ಹಣ ಹಾಕಿ ಜಂಪ್ (ಜಿಗಿದು ದಾಟುವ ಅಡ್ಡಕೋಲು), ಟನಲ್ (ನುಸುಳಿ ಹೋಗುವ ಕೊಳವೆ) ಮತ್ತು ಎ-ಫ್ರೇಮ್ (ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವ ಜೋಡಿ ಇಳಿಜಾರು ಹಲಗೆ) ತರಿಸುವ ಯೋಚನೆಯಿದೆ. ಜಾಗಕ್ಕೆ ನಮ್ಮ ಕಾಫಿ ಕಣವಿದೆ. ಸಿಮೆಂಟ್ ಹಾಕಿದ್ದು, ವಿಶಾಲವಾಗಿಯೂ ಸಮತಟ್ಟಾಗಿಯೂ ಇದೆ. ಯಾವ ಸಲಕರಣೆಯನ್ನು ಮೊದಲು ಕೊಳ್ಳುವುದು ಸೂಕ್ತ, ಮರಿಗೆ ಯಾವ ವಯಸ್ಸಿನಿಂದ ಜಿಗಿತ ಕಲಿಸಬಹುದು, ನಮ್ಮ ಮಳೆಗಾಲದಲ್ಲಿ ಅಭ್ಯಾಸವನ್ನು ಹೇಗೆ ಮುಂದುವರಿಸಬಹುದು ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಮಡಿಕೇರಿಯ ಸದಸ್ಯರು

ಪೊನ್ನಂಪೇಟೆಯವರೇ, ನಿಮ್ಮ ಪ್ರಶ್ನೆಯನ್ನು ಓದಿ ನಿಜವಾಗಿಯೂ ಸಂತೋಷವಾಯಿತು. ನಾನು ಬೆಂಗಳೂರಿನಲ್ಲಿದ್ದಾಗ ಅಜಿಲಿಟಿ ತರಗತಿಗಳಲ್ಲಿ ಕಲಿತು, ಬಳಿಕ ಹೊಸಬರಿಗೆ ಕಲಿಸುವ ಕೆಲಸದಲ್ಲಿಯೂ ಕೈಜೋಡಿಸಿ, ಈಗ ಊರಿಗೆ ಮರಳಿದವನು. ಆ ಅನುಭವದಿಂದ ಒಂದು ಮಾತನ್ನು ಮೊದಲೇ ಸ್ಪಷ್ಟವಾಗಿ ಹೇಳುತ್ತೇನೆ: ಹಣವನ್ನು ಸದ್ಯಕ್ಕೆ ಕೈಯಲ್ಲಿಯೇ ಇಟ್ಟುಕೊಳ್ಳಿ. ಮೊದಲ ಎರಡು ಮೂರು ತಿಂಗಳಿಗೆ ಬೇಕಾಗುವುದು ಮೈಗೆ ಸರಿಯಾಗಿ ಕೂರುವ ಒಂದು ಹಾರ್ನೆಸ್ (ಎದೆಗೆ ತೊಡಿಸುವ ಪಟ್ಟಿ), ಐದಾರು ಮೀಟರ್ ಉದ್ದದ ಹಗ್ಗ, ಸೊಂಟಕ್ಕೆ ಕಟ್ಟಿಕೊಳ್ಳುವ ತಿನಿಸಿನ ಚೀಲ, ನೆಲದ ಮೇಲೆ ಇಡಲು ಕೆಲವು ಕೋಲುಗಳು ಮತ್ತು ಅಲುಗಾಡದ ಒಂದು ಗಿಡ್ಡ ಪೆಟ್ಟಿಗೆ ಮಾತ್ರ.

ಇದಕ್ಕೆ ಕಾರಣವಿದೆ. ಸ್ಪರ್ಧೆಯ ಅಂಕಣದಲ್ಲಿ ನಾಯಿ ಹಗ್ಗವಿಲ್ಲದೆ ಓಡುತ್ತದೆ. ಕೆನಲ್ ಕ್ಲಬ್‌ಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐ ನಿಯಮಗಳ ಪ್ರಕಾರ ಕೊರಳಪಟ್ಟಿಯೂ ಇರುವಂತಿಲ್ಲ, ಓಡಿಸುವವರ ಕೈಯಲ್ಲಿ ತಿನಿಸಾಗಲಿ ಆಟಿಕೆಯಾಗಲಿ ಇರುವಂತಿಲ್ಲ, ನಾಯಿಯನ್ನೂ ಅಡೆತಡೆಗಳನ್ನೂ ಮುಟ್ಟುವಂತಿಲ್ಲ. ಅಡೆತಡೆಗಳ ಕ್ರಮ ಪ್ರತಿಸಲವೂ ಬೇರೆ. ಓಟಕ್ಕೆ ಮೊದಲು ಮನುಷ್ಯರಿಗೆ ಮಾತ್ರ ಆ ದಾರಿಯಲ್ಲಿ ನಡೆದು ನೋಡಿಕೊಳ್ಳಲು ಕೆಲವು ನಿಮಿಷಗಳ ಅವಕಾಶವಿರುತ್ತದೆ. ನಾಯಿಗೆ ದಾರಿ ತಿಳಿಯುವುದು ಓಡುವಾಗಲೇ. ಅಂದಮೇಲೆ ನಮ್ಮ ಭುಜ ಯಾವ ಕಡೆಗೆ ತಿರುಗಿದೆ, ಪಾದ ಯಾವ ದಿಕ್ಕನ್ನು ತೋರಿಸುತ್ತಿದೆ, ವೇಗ ಹೆಚ್ಚಿತೇ ಕಡಿಮೆಯಾಯಿತೇ ಎಂಬುದನ್ನು ನೋಡಿಯೇ ಅದು ಮುಂದಿನ ಅಡೆತಡೆಯನ್ನು ಊಹಿಸಬೇಕು. ಟನಲ್‌ನೊಳಗೆ ನುಗ್ಗುವುದನ್ನು ಧೈರ್ಯದ ನಾಯಿಯೊಂದು ಒಂದೇ ಸಂಜೆಯಲ್ಲಿ ಕಲಿಯುತ್ತದೆ. ಆದರೆ ಟನಲ್‌ನಿಂದ ಹೊರಬಂದ ಕ್ಷಣ ನಮ್ಮನ್ನು ಹುಡುಕಿ ನೋಡುವುದನ್ನು ಕಲಿಯಲು ತಿಂಗಳುಗಳು ಬೇಕು, ಮತ್ತು ಅದನ್ನು ಯಾವ ಸಲಕರಣೆಯೂ ಕಲಿಸುವುದಿಲ್ಲ.

ಆದ್ದರಿಂದ ಕರೆದ ಕೂಡಲೇ ಬರುವುದು, ಹೇಳಿದ ಕಡೆ ಕುಳಿತು ಅನುಮತಿ ಸಿಗುವವರೆಗೆ ಕಾಯುವುದು, ಎಡಗಡೆಯಲ್ಲಿಯೂ ಬಲಗಡೆಯಲ್ಲಿಯೂ ಜೊತೆಯಾಗಿ ಓಡುವುದು ಮತ್ತು ಅಂಗೈಯನ್ನು ಮೂಗಿನಿಂದ ಮುಟ್ಟುವುದು ಮೊದಲ ಪಾಠಗಳಾಗಲಿ. ಅಂಗೈ ಮುಟ್ಟುವುದನ್ನು ಹೀಗೆ ಕಲಿಸಬಹುದು. ನಾಯಿಯ ಮೂಗಿನಿಂದ ನಾಲ್ಕು ಬೆರಳಿನಷ್ಟು ದೂರದಲ್ಲಿ ಖಾಲಿ ಅಂಗೈಯನ್ನು ಚಾಚಿ ಹಿಡಿಯಿರಿ. ಅದು ಮೂಸಲು ಬಂದು ಮೂಗು ತಗುಲಿದ ಕ್ಷಣದಲ್ಲಿಯೇ ಒಂದು ನಿಗದಿತ ಪದವನ್ನು ಹೇಳಿ ಅಥವಾ ಕ್ಲಿಕ್ಕರ್ (ಒತ್ತಿದರೆ ‘ಟಿಕ್’ ಎನ್ನುವ ಪುಟ್ಟ ಸಾಧನ) ಒತ್ತಿ, ಅನಂತರ ಇನ್ನೊಂದು ಕೈಯಿಂದ ತಿನಿಸು ಕೊಡಿ. ಒಂದು ಹೆಜ್ಜೆ ದೂರದಿಂದ, ಬಳಿಕ ನಡೆಯುತ್ತ, ಬಳಿಕ ಓಡುತ್ತ ಇದನ್ನೇ ಮಾಡಿಸಿದರೆ, ಓಟದ ನಡುವೆ ನಾಯಿಯನ್ನು ನಮ್ಮ ಮತ್ತೊಂದು ಬದಿಗೆ ಕರೆದುಕೊಳ್ಳುವ ವಿದ್ಯೆ ತಾನಾಗಿಯೇ ಬರುತ್ತದೆ. ತಿನಿಸನ್ನು ಎಲ್ಲಿ ಕೊಡುತ್ತೇವೆ ಎಂಬುದೂ ಮುಖ್ಯ: ನಾಯಿ ನಮ್ಮ ಎಡಗಡೆ ಇರಬೇಕೆಂದಿದ್ದರೆ ಎಡಗೈಯಿಂದ, ಎಡತೊಡೆಯ ಪಕ್ಕದಲ್ಲಿಯೇ ಕೊಡಬೇಕು. ಬಲಗೈಯನ್ನು ಮೈಯ ಅಡ್ಡಕ್ಕೆ ಚಾಚಿ ಕೊಟ್ಟರೆ ನಾಯಿ ಪ್ರತಿಸಲವೂ ನಮ್ಮ ಕಾಲಿಗೆ ಅಡ್ಡವಾಗಿ ಮುಂದೆ ಬರುವುದನ್ನೇ ಕಲಿತುಬಿಡುತ್ತದೆ.

ಗಿಡ್ಡ ಪೆಟ್ಟಿಗೆ ಹಿಂಗಾಲಿನ ಅರಿವಿಗಾಗಿ. ಬಹಳಷ್ಟು ನಾಯಿಗಳು ಮುಂಗಾಲನ್ನು ನೋಡಿ ಇಡುತ್ತವೆ, ಹಿಂಗಾಲು ಸುಮ್ಮನೆ ಹಿಂದೆ ಬರುತ್ತದೆ. ಮುಂಗಾಲೆರಡನ್ನೂ ಪೆಟ್ಟಿಗೆಯ ಮೇಲೆ ಇರಿಸಿ, ನಾವು ಮೆಲ್ಲನೆ ಸುತ್ತಲೂ ಸರಿದಾಗ ನಾಯಿ ಹಿಂಗಾಲುಗಳನ್ನು ಒಂದೊಂದಾಗಿ ಅಡ್ಡಕ್ಕೆ ಎತ್ತಿಡುತ್ತ ತಿರುಗಬೇಕು. ಇದನ್ನು ಕಲಿತ ನಾಯಿ ಮುಂದೆ ಡಾಗ್ ವಾಕ್ ಎಂಬ ಎತ್ತರದ ಸೇತುವೆಯ ಮೂವತ್ತು ಸೆಂಟಿಮೀಟರ್ ಅಗಲದ ಹಲಗೆಯ ಮೇಲೆ ಓಡುವಾಗ ಕಾಲು ಜಾರಿ ಬೀಳುವ ಸಂಭವ ಬಹಳ ಕಡಿಮೆ.

ನಿಮ್ಮ ಕಾಫಿ ಕಣ ಎಷ್ಟೇ ಸಮತಟ್ಟಾಗಿದ್ದರೂ ಅಲ್ಲಿ ಜಿಗಿಸಬೇಡಿ. ಜಿಗಿದ ನಾಯಿ ಮುಂಗಾಲಿನ ಮೇಲೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಮಣಿಕಟ್ಟು ಮತ್ತು ಭುಜದ ಮೇಲೆ ಬೀಳುವ ಭಾರವನ್ನು ಸಿಮೆಂಟ್ ನೆಲ ಸ್ವಲ್ಪವೂ ಹೀರಿಕೊಳ್ಳುವುದಿಲ್ಲ. ಕಾಯುವುದು, ಅಂಗೈ ಮುಟ್ಟುವುದು, ಪೆಟ್ಟಿಗೆಯ ಪಾಠ ಇವುಗಳಿಗೆ ಕಣ ಧಾರಾಳವಾಗಿ ಸಾಕು.

ವಿರಾಜಪೇಟೆಯ ಸದಸ್ಯೆ, ಪಶುವೈದ್ಯೆ

ಮಡಿಕೇರಿಯವರು ಬರೆದುದನ್ನು ಒಪ್ಪುತ್ತೇನೆ; ಮರಿಯ ವಯಸ್ಸಿನ ವಿಷಯವನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕೆನಿಸಿತು. ಬೆಳೆಯುವ ನಾಯಿಯ ಉದ್ದನೆಯ ಎಲುಬುಗಳ ತುದಿಯಲ್ಲಿ ಮೃದ್ವಸ್ಥಿಯ ತೆಳುವಾದ ಪದರವಿರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದಲೇ. ಆ ಪದರ ಗಟ್ಟಿಯಾಗುವ ಮೊದಲು ಮತ್ತೆ ಮತ್ತೆ ಪೆಟ್ಟು ಬಿದ್ದರೆ ಎಲುಬು ಡೊಂಕಾಗಿ ಬೆಳೆಯಬಹುದು ಅಥವಾ ಕೀಲು ಜೀವಮಾನಪೂರ್ತಿ ನೋವು ಕೊಡಬಹುದು. ಸಣ್ಣ ತಳಿಗಳಲ್ಲಿ ಒಂದು ವರ್ಷದೊಳಗೆ ಮುಗಿಯುವ ಈ ಬೆಳವಣಿಗೆ ಲ್ಯಾಬ್ರಡಾರ್‌ನಂತಹ ದೊಡ್ಡ ತಳಿಗಳಲ್ಲಿ 14ರಿಂದ 18 ತಿಂಗಳವರೆಗೂ ನಡೆಯುತ್ತದೆ. ಚಿಕ್ಕ ವಯಸ್ಸಿನಲ್ಲಿಯೇ ಸಂತಾನಹರಣ ಚಿಕಿತ್ಸೆಯಾಗಿದ್ದರೆ ಇನ್ನೂ ತಡವಾಗುತ್ತದೆ. ಎಫ್‌ಸಿಐ ಸ್ಪರ್ಧೆಗಳಲ್ಲಿ 18 ತಿಂಗಳು ತುಂಬದ ನಾಯಿಗೆ ಪ್ರವೇಶವಿಲ್ಲ ಎಂಬ ನಿಯಮವೂ ಸುಮ್ಮನೆ ಬಂದುದಲ್ಲ.

ಹಾಗಾಗಿ ನಿಮ್ಮ ಏಳು ತಿಂಗಳ ಮರಿಗೆ ಈಗ ನೆಲದ ಮೇಲೆ ಮಲಗಿಸಿದ ಕೋಲುಗಳನ್ನು ದಾಟಿ ನಡೆಯುವುದು, ನೇರವಾದ ಗಿಡ್ಡ ಟನಲ್, ಪೆಟ್ಟಿಗೆಯ ಪಾಠ ಇವಿಷ್ಟು ಸಾಕು. ಕೋಲನ್ನು ಎತ್ತರಿಸಿದರೂ ಮುಂಗಾಲಿನ ಮಣಿಕಟ್ಟಿಗಿಂತ ಮೇಲೆ ಬೇಡ. ವೀವ್ ಪೋಲ್‌ಗಳನ್ನು, ಅಂದರೆ ಸಾಲಾಗಿ ನೆಟ್ಟ ಕೋಲುಗಳನ್ನು, ಸುತ್ತಿ ಸುತ್ತಿ ಓಡುವಾಗ ಬೆನ್ನುಮೂಳೆ ಮತ್ತು ಭುಜ ಪ್ರತಿ ಹೆಜ್ಜೆಗೂ ತಿರುಚಿಕೊಳ್ಳುವುದರಿಂದ ಅದನ್ನೂ ಒಂದು ವರ್ಷ ಕಳೆದ ಬಳಿಕವೇ ಆರಂಭಿಸಿ. ಲ್ಯಾಬ್ರಡಾರ್‌ಗಳಲ್ಲಿ ಸೊಂಟದ ಕೀಲು ಮತ್ತು ಮೊಣಕೈ ಕೀಲಿನ ಆನುವಂಶಿಕ ದೋಷ ಸಾಕಷ್ಟು ಕಾಣುವುದರಿಂದ, ಪೂರ್ಣ ಎತ್ತರದ ಜಿಗಿತಕ್ಕೆ ಮೊದಲು ಒಮ್ಮೆ ಎಕ್ಸ್‌ರೇ ತೆಗೆಸಿ ನೋಡುವುದು ಒಳ್ಳೆಯದು.

ನಿಮ್ಮ ಮೂರು ವರ್ಷದ ನಾಟಿ ನಾಯಿಗೆ ವಯಸ್ಸಿನ ಅಡ್ಡಿಯಿಲ್ಲ. ಅದರ ತೂಕವನ್ನು ಮಾತ್ರ ನೋಡಿಕೊಳ್ಳಿ. ಅಂಗೈಯನ್ನು ಪಕ್ಕೆಯ ಮೇಲೆ ಚಪ್ಪಟೆಯಾಗಿಟ್ಟು ಸವರಿದಾಗ, ಒತ್ತದೆಯೇ ಪಕ್ಕೆಲುಬುಗಳು ಒಂದೊಂದಾಗಿ ಬೆರಳಿಗೆ ಸಿಗಬೇಕು. ಮೇಲಿನಿಂದ ನೋಡಿದಾಗ ಪಕ್ಕೆಲುಬಿನ ಹಿಂದೆ ಸೊಂಟ ಒಳಗೆ ಸರಿದಿರಬೇಕು. ನಮ್ಮ ಮನೆಗಳಲ್ಲಿ ಪ್ರೀತಿಯಿಂದ ನಾಯಿಗೆ ಹಂದಿಮಾಂಸದ ಕೊಬ್ಬಿನ ತುಂಡುಗಳನ್ನು ಹಾಕುವ ರೂಢಿಯಿದೆ. ಅದರಿಂದ ತೂಕ ಏರುವುದಷ್ಟೇ ಅಲ್ಲ, ಮೇದೋಜೀರಕ ಗ್ರಂಥಿಯ ಉರಿಯೂತವೂ ಬರಬಹುದು. ತರಬೇತಿಗೆ ಉಪ್ಪು ಹಾಕದೆ ಬೇಯಿಸಿದ ಕೋಳಿಮಾಂಸವನ್ನು ಬಟಾಣಿ ಕಾಳಿನಷ್ಟು ಚಿಕ್ಕದಾಗಿ ಕತ್ತರಿಸಿಕೊಂಡು, ಕೊಟ್ಟಷ್ಟನ್ನು ಅಂದಿನ ಊಟದಲ್ಲಿ ಕಳೆಯಿರಿ. ಕಣದಲ್ಲಿ ಕಾಫಿ ಹಣ್ಣು ಹರಡಿರುವ ದಿನಗಳಲ್ಲಿ ನಾಯಿಗಳನ್ನು ಅಲ್ಲಿ ಬಿಡಲೇಬೇಡಿ, ಏಕೆಂದರೆ ಕೆಫೀನ್ ನಾಯಿಗಳಿಗೆ ವಿಷ.

ಗುಂಪಾಗಿ ಸೇರುವ ಎಲ್ಲ ನಾಯಿಗಳಿಗೂ ಹುಚ್ಚುನಾಯಿ ರೋಗದ ಲಸಿಕೆ, ಡಿಸ್ಟೆಂಪರ್ ಮತ್ತು ಪಾರ್ವೊ ಸೇರಿದ ಸಂಯುಕ್ತ ಲಸಿಕೆ ಆಗಿರಲೇಬೇಕು. ಇಲಿಗಳ ಮೂತ್ರ ಬೆರೆತ ನೀರಿನಿಂದ ಹರಡುವ ಲೆಪ್ಟೊಸ್ಪೈರೋಸಿಸ್ ನಮ್ಮ ಮಳೆನಾಡಿಗೆ ಹೊಸದಲ್ಲವಾದ್ದರಿಂದ ಅದರ ಲಸಿಕೆಯ ಬಗ್ಗೆಯೂ ನಿಮ್ಮ ವೈದ್ಯರಲ್ಲಿ ಕೇಳಿ. ಮೈದಾನದಿಂದ ಮರಳಿದ ಮೇಲೆ ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದು, ಕಂಕುಳಲ್ಲಿ ಉಣುಗು ಇದೆಯೇ ಎಂದು ಬೆರಳಾಡಿಸಿ ನೋಡಬೇಕು. ನಿನ್ನೆಯವರೆಗೆ ಕುಣಿಯುತ್ತಿದ್ದ ನಾಯಿ ಇಂದು ಜಿಗಿಯಲು ಹಿಂಜರಿದರೆ ಅದನ್ನು ಸೋಮಾರಿತನವೆಂದು ಗದರಿಸಬೇಡಿ. ಅದು ಉಣುಗು ಜ್ವರದ ಮೊದಲ ಲಕ್ಷಣವೂ ಆಗಿರಬಹುದು, ಭುಜದ ನೋವೂ ಆಗಿರಬಹುದು.

ಸೋಮವಾರಪೇಟೆಯ ಸದಸ್ಯರು

ಎಲ್ಲರ ಮಾತನ್ನೂ ಗೌರವದಿಂದ ಓದಿದೆ, ಆದರೂ ಒಂದು ಸಂದೇಹವನ್ನು ಮುಂದಿಡುತ್ತೇನೆ. ನಮ್ಮ ಹಿರಿಯರು ನಾಯಿಗಳನ್ನು ಬೇಟೆಗೂ ತೋಟದ ಕಾವಲಿಗೂ ಸಾಕಿದವರು. ಆ ನಾಯಿಗಳು ಬೇಲಿ ಹಾರಿ, ತೋಡು ದಾಟಿ, ಕಾಫಿ ಗಿಡಗಳ ಸಂದಿಯಲ್ಲಿ ನುಸುಳಿ ಬೆಳೆದವು. ಅವುಗಳಿಗೆ ಯಾರೂ ಕೋಲು ನೆಟ್ಟು ಕಲಿಸಲಿಲ್ಲ. ದಿನವಿಡೀ ತೋಟದಲ್ಲಿ ಓಡಾಡುವ ನಾಯಿಗೆ ಪಟ್ಟಣದ ಫ್ಲ್ಯಾಟ್‌ಗಳಲ್ಲಿ ಇರುವ ನಾಯಿಗಳ ಈ ಆಟ ಅಗತ್ಯವೇ? ವಿದೇಶದ ಕುರಿ ಕಾಯುವ ತಳಿಯಾದ ಬಾರ್ಡರ್ ಕೋಲಿಗಳಿಗೆಂದು ಮಾಡಿದ ಆಟ ನಮ್ಮ ನಾಟಿ ನಾಯಿಗಳಿಗೆ ಒಗ್ಗುತ್ತದೆಯೇ?

ಮಡಿಕೇರಿಯ ಸದಸ್ಯರು

ಸೋಮವಾರಪೇಟೆಯವರೇ, ಇದು ಕೇಳಲೇಬೇಕಾದ ಪ್ರಶ್ನೆ. ತೋಟದ ನಾಯಿಗೆ ವ್ಯಾಯಾಮದ ಕೊರತೆಯಿಲ್ಲ ಎಂಬುದು ನಿಜ. ಆದರೆ ತೋಟದಲ್ಲಿ ಅದು ತನ್ನ ಇಚ್ಛೆಯಂತೆ ಓಡುತ್ತದೆ. ಅಜಿಲಿಟಿಯಲ್ಲಿ ಅಷ್ಟೇ ವೇಗದಲ್ಲಿ ಓಡುತ್ತಲೇ ನಮ್ಮ ಮಾತಿಗೆ ಕಿವಿಗೊಡುವುದನ್ನು ಕಲಿಯುತ್ತದೆ. ಇಂದಿನ ಕೊಡಗಿನಲ್ಲಿ ಇದರ ಬೆಲೆ ದೊಡ್ಡದು. ಆನೆಗಳು ತೋಟದೊಳಗೇ ಓಡಾಡುತ್ತಿರುವ ಈ ಕಾಲದಲ್ಲಿ, ಬೊಗಳುತ್ತ ಆನೆಯ ಬೆನ್ನಟ್ಟಿ ಹೋದ ನಾಯಿ ಹೆದರಿ ಹಿಂದಿರುಗುವುದು ಯಜಮಾನನ ಕಾಲ ಬಳಿಗೇ, ಅದರ ಹಿಂದೆ ಆನೆಯೂ ಬರುತ್ತದೆ. ಓಡಲು ಕಾಲೆತ್ತಿದ ಕ್ಷಣದಲ್ಲಿಯೇ ಕೂಗಿಗೆ ತಿರುಗಿ ಬರುವ ನಾಯಿ ತನ್ನ ಜೀವವನ್ನೂ ಯಜಮಾನನ ಜೀವವನ್ನೂ ಉಳಿಸುತ್ತದೆ. ನಾನು ಮೊದಲ ತಿಂಗಳುಗಳ ಪಾಠಕ್ಕೆ ಇಷ್ಟು ಒತ್ತುಕೊಡುವುದರ ಹಿಂದೆ ಈ ಭಯವೂ ಇದೆ.

ಆಟದ ಹುಟ್ಟಿನ ಬಗ್ಗೆಯೂ ಹೇಳಬೇಕು. 1978ರಲ್ಲಿ ಲಂಡನ್ನಿನ ಒಲಿಂಪಿಯಾದಲ್ಲಿ ನಡೆದ ಕ್ರಫ್ಟ್ಸ್ ನಾಯಿ ಪ್ರದರ್ಶನದಲ್ಲಿ, ಎರಡು ಮುಖ್ಯ ಕಾರ್ಯಕ್ರಮಗಳ ನಡುವಿನ ಬಿಡುವಿನಲ್ಲಿ ಜನರನ್ನು ರಂಜಿಸಲು, ಕುದುರೆಗಳ ಜಿಗಿತದ ಸ್ಪರ್ಧೆಯ ಮಾದರಿಯಲ್ಲಿ ಇದನ್ನು ಮೊದಲು ಆಡಿ ತೋರಿಸಿದರು. ಜನ ಮೆಚ್ಚಿದ್ದರಿಂದ 1980ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ಇದಕ್ಕೆ ಅಧಿಕೃತ ಮಾನ್ಯತೆ ಕೊಟ್ಟಿತು. ಕುದುರೆಯಾಟದಿಂದ ಬಂದ ಒಂದು ಒಳ್ಳೆಯ ಪದ್ಧತಿ ಇಂದಿಗೂ ಉಳಿದಿದೆ: ಜಂಪ್‌ನ ಅಡ್ಡಕೋಲನ್ನು ಎಂದಿಗೂ ಕಟ್ಟಿ ಬಿಗಿಯುವುದಿಲ್ಲ, ತಗುಲಿದರೆ ಬೀಳುವಂತೆ ಬರೀ ಇಟ್ಟಿರುತ್ತಾರೆ. ಬೇಲಿ ಹಾರುವ ನಾಯಿಗೆ ಆ ರಕ್ಷಣೆಯಿಲ್ಲ. ತೋಟದ ಮುಳ್ಳುತಂತಿಗೆ ಹೊಟ್ಟೆ ಸಿಕ್ಕಿಸಿಕೊಂಡ ನಾಯಿಗಳನ್ನು ನಾವೆಲ್ಲರೂ ನೋಡಿದ್ದೇವೆ.

ತಳಿಯ ವಿಷಯದಲ್ಲಿ, ಬಾರ್ಡರ್ ಕೋಲಿ ಈ ಆಟದಲ್ಲಿ ಮುಂದಿದೆ ಎಂಬುದು ಸರಿ, ಏಕೆಂದರೆ ಕುರುಬನ ಸನ್ನೆಯನ್ನು ದೂರದಿಂದಲೇ ನೋಡಿ ತಿರುಗುವುದು ಅದರ ರಕ್ತದಲ್ಲಿದೆ. ಆದರೆ ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ಮಿಶ್ರತಳಿಯ ನಾಯಿಗಳು ಸ್ಪರ್ಧಿಸುತ್ತವೆ. ನಮ್ಮ ನಾಟಿ ನಾಯಿಗಳದು ಹಗುರವಾದ ಮೈ, ಉದ್ದ ಕಾಲು, ಗಟ್ಟಿ ಪಾದ. ದೇಹದ ದೃಷ್ಟಿಯಿಂದ ಅವು ಈ ಆಟಕ್ಕೆ ಲ್ಯಾಬ್ರಡಾರ್‌ಗಿಂತ ಹೆಚ್ಚು ಯೋಗ್ಯವೆಂದೇ ನನ್ನ ಅಭಿಪ್ರಾಯ. ಅವು ಒಂದೇ ಪಾಠವನ್ನು ಹತ್ತು ಸಲ ಹೇಳಿದರೆ ಬೇಸರಗೊಳ್ಳುತ್ತವೆ, ಹಾಗಾಗಿ ಎರಡು ಮೂರು ಸಲ ಚೆನ್ನಾಗಿ ಮಾಡಿದ ಕೂಡಲೇ ನಿಲ್ಲಿಸಬೇಕು. ಮುಧೋಳದಂತಹ ನೋಟದ ಬೇಟೆನಾಯಿ ಇರುವವರು ಮಾತ್ರ ಸುತ್ತಲೂ ಬೇಲಿಯಿರುವ ಜಾಗವನ್ನೇ ಆರಿಸಿಕೊಳ್ಳಿ. ಕಣ್ಣಿಗೆ ಬಿದ್ದ ಮೊಲದ ಹಿಂದೆ ಅದು ಒಮ್ಮೆ ಹೊರಟರೆ ಕರೆ ಕೇಳಿಸುವುದು ಕಷ್ಟ.

ಕುಶಾಲನಗರದ ಸದಸ್ಯರು

ಸಲಕರಣೆಗಳ ಬಗ್ಗೆ ನನಗೆ ತಿಳಿದಷ್ಟನ್ನು ಬರೆಯುತ್ತೇನೆ, ಏಕೆಂದರೆ ಮನೆಯಲ್ಲಿಯೇ ಇವುಗಳಲ್ಲಿ ಕೆಲವನ್ನು ಮಾಡಿ ಬಳಸುತ್ತಿದ್ದೇವೆ. ಜಂಪ್‌ಗೆ ಹಾರ್ಡ್‌ವೇರ್ ಅಂಗಡಿಯ ಒಂದಿಂಚಿನ ಪಿವಿಸಿ ಪೈಪು, ಟಿ-ಬೆಂಡ್‌ಗಳು ಸಾಕು. ಅಡ್ಡಕೋಲು ಸುಮಾರು 1.2 ಮೀಟರ್ ಉದ್ದವಿರಲಿ. ಅದನ್ನು ಹೊರುವ ಆಸರೆ ತೆರೆದ ಬಟ್ಟಲಿನಂತಿರಬೇಕು; ಮೊಳೆ ಹೊಡೆದು ಕೊಕ್ಕೆ ಮಾಡಬಾರದು. ಎಫ್‌ಸಿಐ ಪದ್ಧತಿಯಲ್ಲಿ ಭುಜದ ಎತ್ತರ 35 ಸೆಂಟಿಮೀಟರ್‌ಗಿಂತ ಕಡಿಮೆಯಿರುವ ನಾಯಿಗೆ 25ರಿಂದ 30 ಸೆಂಟಿಮೀಟರ್ ಜಿಗಿತ, 48 ಸೆಂಟಿಮೀಟರ್ ಮತ್ತು ಅದಕ್ಕಿಂತ ಎತ್ತರದ ನಾಯಿಗೆ 55ರಿಂದ 60 ಸೆಂಟಿಮೀಟರ್ ಇದೆ. ನಡುವೆ ಇನ್ನೆರಡು ವರ್ಗಗಳಿವೆ. ಮನೆಯ ಅಭ್ಯಾಸಕ್ಕೆ ಇದರ ಅರ್ಧದಷ್ಟು ಎತ್ತರವೇ ಬೇಕಾದಷ್ಟಾಯಿತು.

ವೀವ್ ಪೋಲ್‌ಗಳು ಸ್ಪರ್ಧೆಯಲ್ಲಿ 12, ಒಂದರಿಂದ ಒಂದಕ್ಕೆ 60 ಸೆಂಟಿಮೀಟರ್ ಅಂತರ. ನಾಯಿ ಮೊದಲ ಕೋಲನ್ನು ಯಾವಾಗಲೂ ತನ್ನ ಎಡಭುಜದ ಪಕ್ಕಕ್ಕೆ ಬಿಟ್ಟು ಒಳಹೊಗಬೇಕು. ತೋಟದ ಬಿದಿರನ್ನೇ ನೆಡಬಹುದಲ್ಲ ಎಂದು ಹಲವರು ಕೇಳುತ್ತಾರೆ. ಬಿದಿರಿನ ಸಿಬಿರು ಭುಜಕ್ಕೂ ಕಣ್ಣಿಗೂ ಅಪಾಯ, ಪಿವಿಸಿ ಪೈಪೇ ಲೇಸು. ಕಲಿಸುವಾಗ ಹನ್ನೆರಡನ್ನೂ ಒಟ್ಟಿಗೆ ನೆಡದೆ ಎರಡೇ ಕೋಲುಗಳ ನಡುವೆ ನುಸುಳುವುದರಿಂದ ಆರಂಭಿಸಿ, ಬೇರೆ ಬೇರೆ ಕೋನಗಳಿಂದ ಬಂದರೂ ನಾಯಿ ಸರಿಯಾದ ಕಡೆಯಿಂದಲೇ ಒಳಹೋಗುವಂತಾದ ಬಳಿಕ ಮುಂದಿನ ಎರಡನ್ನು ಸೇರಿಸುತ್ತ ಹೋಗುವ ವಿಧಾನ ನಮಗೆ ಚೆನ್ನಾಗಿ ಫಲಿಸಿದೆ.

ಟನಲ್ ಮನೆಯಲ್ಲಿ ಮಾಡುವಂತಹುದಲ್ಲ, ಕೊಳ್ಳಲೇಬೇಕು. ವ್ಯಾಸ 60 ಸೆಂಟಿಮೀಟರ್ ಇರುವುದನ್ನು ಕೇಳಿ ತರಿಸಿ. ಮಕ್ಕಳ ಆಟದ ಟನಲ್ ದೊಡ್ಡ ನಾಯಿಗೆ ಕಿರಿದಾಗುತ್ತದೆ, ತಂತಿ ಹೊರಬಂದು ಚರ್ಮ ಗೀರುತ್ತದೆ. ನಾಯಿ ವೇಗವಾಗಿ ನುಗ್ಗಿದಾಗ ಟನಲ್ ಉರುಳದಂತೆ ಎರಡೂ ಬದಿಗೆ ಮರಳು ತುಂಬಿದ ಗೋಣಿಚೀಲಗಳನ್ನು ಒತ್ತಿ ಇಡಬೇಕು. ಇನ್ನೊಂದು ಮುಖ್ಯ ಮಾತು: ಟನಲ್‌ನ್ನು ತೋಟದಲ್ಲಿ ರಾತ್ರಿಯಿಡೀ ಬಿಡಬೇಡಿ. ಬಳಸುವ ಮೊದಲು ಒಂದು ತುದಿಯನ್ನು ಎತ್ತಿ ಕೊಡವಿ, ಟಾರ್ಚ್ ಹಾಕಿ ಮಡಿಕೆ ಮಡಿಕೆಯನ್ನೂ ನೋಡಿ. ತಂಪಾದ ಕತ್ತಲೆಯ ಜಾಗವೆಂದು ಹಾವು ಸೇರಿಕೊಳ್ಳುವುದುಂಟು, ಕಣಜಗಳು ಗೂಡು ಕಟ್ಟುವುದೂ ಉಂಟು.

ಎ-ಫ್ರೇಮ್, ಡಾಗ್ ವಾಕ್, ಸೀಸಾ (ನಡುವೆ ಆಸರೆಯಿದ್ದು ತುದಿಗಳು ಏರಿಳಿಯುವ ಹಲಗೆ) ಇವು ಮೂರಕ್ಕೆ ಅನುಭವಿ ಬಡಗಿ ಬೇಕು. ಡಾಗ್ ವಾಕ್ ಮನುಷ್ಯನ ಸೊಂಟದ ಎತ್ತರಕ್ಕೂ ಮೇಲಿರುವುದರಿಂದ ಅದು ಅಲುಗಾಡಿದರೆ ನಾಯಿ ಬೀಳುತ್ತದೆ, ಬಿದ್ದ ನಾಯಿ ಮತ್ತೆ ಹತ್ತಲು ಒಪ್ಪುವುದಿಲ್ಲ. ಮೊದಲ ವರ್ಷ ಸಿಲ್ವರ್ ಓಕ್‌ನ ಅಗಲವಾದ ಹಲಗೆಯೊಂದನ್ನು ಎರಡು ಇಟ್ಟಿಗೆಗಳ ಎತ್ತರದಲ್ಲಿ ಭದ್ರವಾಗಿ ಕೂರಿಸಿದರೆ ಸಾಕು. ಹಲಗೆಗೆ ಬಣ್ಣ ಬಳಿಯುವಾಗ ಜರಡಿ ಹಿಡಿದ ನಯವಾದ ಮರಳನ್ನು ಬಣ್ಣದಲ್ಲಿ ಬೆರೆಸಿದರೆ ಕಾಲು ಜಾರುವುದಿಲ್ಲ. ತುದಿಯಲ್ಲಿ ನಾಯಿ ಕಾಲಿಡಲೇಬೇಕಾದ ಭಾಗಕ್ಕೆ ಹಳದಿ ಅಥವಾ ನೀಲಿ ಬಣ್ಣವನ್ನು ಆರಿಸಿ. ನಾಯಿಯ ಕಣ್ಣಿಗೆ ಕೆಂಪು ಮತ್ತು ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯದ ಕಾರಣ ಹುಲ್ಲಿನ ಮೇಲೆ ಕೆಂಪು ಬಣ್ಣ ಎದ್ದು ಕಾಣುವುದಿಲ್ಲ.

ಸುಂಟಿಕೊಪ್ಪದ ಸದಸ್ಯೆ

ನಮ್ಮದು ರಸ್ತೆಯಿಂದ ತಂದು ಸಾಕಿದ ನಾಯಿ. ಪಟಾಕಿಗೂ ಗುಡುಗಿಗೂ ಮಂಚದ ಕೆಳಗೆ ಸೇರಿಕೊಳ್ಳುವಷ್ಟು ಅಂಜಿಕೆ ಅದಕ್ಕೆ. ಇಂತಹ ನಾಯಿಯನ್ನು ಈ ತರಬೇತಿಗೆ ಸೇರಿಸುವುದು ಸರಿಯೇ, ಅಥವಾ ಹಿಂಸೆಯಾಗುತ್ತದೆಯೇ ಎಂದು ದಯವಿಟ್ಟು ತಿಳಿಸಿ. ಸೀಸಾ ನೆಲಕ್ಕೆ ಬಡಿಯುವ ಸದ್ದನ್ನು ವಿಡಿಯೊಗಳಲ್ಲಿ ಕೇಳಿ ನನಗೇ ಹೆದರಿಕೆಯಾಯಿತು.

ಮಡಿಕೇರಿಯ ಸದಸ್ಯರು

ಖಂಡಿತ ಸೇರಿಸಬಹುದು, ಅಕ್ಕಾ. ಅಂಜುವ ನಾಯಿಗಳಿಗೆ ಈ ಆಟದಿಂದ ಆಗುವಷ್ಟು ಉಪಕಾರ ಬಲಿಷ್ಠ ನಾಯಿಗಳಿಗೂ ಆಗುವುದಿಲ್ಲ ಎಂದು ನಾನು ನಂಬಿದ್ದೇನೆ. ಆದರೆ ಒಂದೇ ಷರತ್ತು, ಯಾವುದನ್ನೂ ಎಳೆದು ಮಾಡಿಸಬಾರದು. ಹಗ್ಗ ಹಿಡಿದು ಹಲಗೆಯ ಮೇಲೆ ಎಳೆದ ನಾಯಿ ಹಲಗೆಯನ್ನು ಮಾತ್ರವಲ್ಲ, ಎಳೆದವರನ್ನೂ ನಂಬದಂತಾಗುತ್ತದೆ.

ಸೀಸಾದ ಭಯ ಎರಡು ಬಗೆಯದು: ಕಾಲಡಿಯ ನೆಲ ಚಲಿಸುವುದು ಒಂದು, ಕೊನೆಗೆ ಕೇಳಿಬರುವ ಸದ್ದು ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ಕಳೆಯಬೇಕು. ಚಲನೆಗೆ, ಒಂದು ಅಗಲವಾದ ಹಲಗೆಯ ಅಡಿಯಲ್ಲಿ ಮಡಚಿದ ಟವೆಲ್ ಇಟ್ಟು ಅದು ಅರ್ಧ ಇಂಚು ಮಾತ್ರ ಓಲಾಡುವಂತೆ ಮಾಡಿ. ನಾಯಿ ತಾನಾಗಿ ಒಂದು ಕಾಲಿಟ್ಟರೂ ತಿನಿಸು ಕೊಡಿ, ಇಳಿದುಹೋದರೆ ಹೋಗಲಿ. ಎರಡು ಕಾಲು, ನಾಲ್ಕು ಕಾಲು, ಹಲಗೆಯ ಮೇಲೆ ತಿರುಗುವುದು ಎಂದು ದಿನಗಳು ಕಳೆದಂತೆ ತಾನೇ ಮುಂದುವರಿಯುತ್ತದೆ. ಸದ್ದಿಗೆ, ಹಲಗೆಯ ತುದಿ ಬೀಳುವ ಜಾಗದಲ್ಲಿ ದಪ್ಪ ಹಾಸಿಗೆ ಹಾಕಿ, ನಾಯಿಯೇ ಮುಂಗಾಲಿನಿಂದ ತುದಿಯನ್ನು ಒತ್ತಿ ‘ದಬ್’ ಎನಿಸಿದಾಗಲೆಲ್ಲ ಕೋಳಿಮಾಂಸ ಸಿಗುವಂತೆ ಆಡಿಸಿ, ವಾರಗಳು ಕಳೆದಂತೆ ಹಾಸಿಗೆಯನ್ನು ತೆಳುವಾಗಿಸಿ. ಸದ್ದನ್ನು ತಾನೇ ಮಾಡುತ್ತಿದ್ದೇನೆ ಎಂದು ನಾಯಿಗೆ ತಿಳಿದ ಮೇಲೆ ಅದರ ಮುಖಭಾವವೇ ಬದಲಾಗುತ್ತದೆ. ಬಾಲ ಕೆಳಗಿಳಿದಿದೆಯೇ, ತುಟಿ ನೆಕ್ಕುತ್ತಿದೆಯೇ, ಮುಖ ಆ ಕಡೆ ತಿರುಗಿಸುತ್ತಿದೆಯೇ, ಪ್ರಿಯವಾದ ತಿನಿಸನ್ನೂ ಬೇಡವೆನ್ನುತ್ತಿದೆಯೇ ಎಂದು ನೋಡುತ್ತಿರಿ. ಇವು ಕಂಡರೆ ಅಂದಿನ ಪಾಠವನ್ನು ಅಲ್ಲಿಗೇ ಬಿಡಿ. ಮೊದಲ ತರಗತಿಗಳಲ್ಲಿ ಬೇರೆ ನಾಯಿಗಳಿಂದ ಸಾಕಷ್ಟು ದೂರ, ಮೈದಾನದ ಅಂಚಿನಲ್ಲಿ ಕುಳಿತು ನೋಡಿ ಹೋದರೂ ಅದು ತರಗತಿಯೇ.

ಪೊನ್ನಂಪೇಟೆಯ ಸದಸ್ಯರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಸಲಕರಣೆಗಳ ಆರ್ಡರನ್ನು ಸದ್ಯಕ್ಕೆ ಕೈಬಿಟ್ಟಿದ್ದೇವೆ. ಮನೆಯವರೆಲ್ಲ ಈ ಚರ್ಚೆಯನ್ನು ಓದಿದ ಬಳಿಕ ಎರಡು ಪ್ರಶ್ನೆಗಳು ಉಳಿದಿವೆ. ಒಂದು ಗಂಟೆಯ ತರಗತಿಯನ್ನು ಹೇಗೆ ಹಂಚಿಕೊಳ್ಳಬೇಕು? ಕಣ ಬೇಡವೆಂದರೆ ವರ್ಷದ ಯಾವ ತಿಂಗಳಲ್ಲಿ ಎಲ್ಲಿ ಓಡಿಸಬಹುದು?

ಮಡಿಕೇರಿಯ ಸದಸ್ಯರು

ಒಂದು ಗಂಟೆಯಲ್ಲಿ ಒಂದು ನಾಯಿ ನಿಜವಾಗಿ ಕೆಲಸ ಮಾಡುವುದು ಹತ್ತು ನಿಮಿಷವಾದರೆ ಅದೇ ಹೆಚ್ಚು, ಅದೂ ಎರಡು ಮೂರು ಕಂತುಗಳಲ್ಲಿ. ಉಳಿದ ಸಮಯದಲ್ಲಿ ಅದು ನೆರಳಿನಲ್ಲಿ, ಕಾರಿನ ಹಿಂಬದಿಯಲ್ಲೋ ಗೂಡಿನಲ್ಲೋ ತನ್ನ ಚಾಪೆಯ ಮೇಲೆ ಸುಮ್ಮನೆ ಮಲಗುವುದನ್ನು ಕಲಿಯುತ್ತಿರುತ್ತದೆ. ಬೇರೆ ನಾಯಿಗಳು ಓಡುವುದನ್ನು ನೋಡುತ್ತಲೂ ಶಾಂತವಾಗಿರುವುದು ಈ ಆಟದ ಅತಿ ಕಷ್ಟದ ಪಾಠಗಳಲ್ಲಿ ಒಂದು. ಮೊದಲ ಐದು ನಿಮಿಷ ನಡಿಗೆ, ಮೆಲ್ಲನೆಯ ಓಟ, ಎರಡೂ ಕಡೆಗೆ ಸುತ್ತುವುದು ಇವುಗಳಿಂದ ಮೈ ಬಿಸಿಯಾಗಲಿ. ತಣ್ಣಗಿರುವ ಮೈಯಲ್ಲಿ ಜಿಗಿಸಿದರೆ ಸ್ನಾಯು ಹರಿಯುತ್ತದೆ. ಮುಗಿದ ಮೇಲೂ ಅಷ್ಟೇ ಹೊತ್ತು ನಡೆಸಿ. ಒಂದು ಸಲಕ್ಕೆ ಒಂದೇ ನಾಯಿ ಹಗ್ಗ ಬಿಟ್ಟು ಓಡಬೇಕು. ಬೆದೆಗೆ ಬಂದ ಹೆಣ್ಣುನಾಯಿಯನ್ನು ಆ ವಾರಗಳಲ್ಲಿ ಮನೆಯಲ್ಲಿಯೇ ಬಿಟ್ಟು, ಯಜಮಾನರು ಮಾತ್ರ ಬಂದು ನಾಯಿಯಿಲ್ಲದೆ ಹೆಜ್ಜೆಗಳನ್ನು ಅಭ್ಯಾಸ ಮಾಡಲಿ. ನಾಯಿಯ ಮುಂದೆ ದಾಟಿ ಬದಿ ಬದಲಿಸುವ ಫ್ರಂಟ್ ಕ್ರಾಸ್, ಹಿಂದಿನಿಂದ ದಾಟುವ ರಿಯರ್ ಕ್ರಾಸ್ ಇವುಗಳಲ್ಲಿ ಎಡವುವುದು ಬಹುಪಾಲು ಮನುಷ್ಯರೇ.

ಕಾಲದ ವಿಷಯ. ಹುತ್ತರಿ ಕಳೆದು ಭತ್ತದ ಕೊಯ್ಲು ಪೂರ್ತಿ ಮುಗಿದ ಮೇಲೆ ಗದ್ದೆಗಳು ಖಾಲಿಯಾಗುತ್ತವೆ. ಮಣ್ಣು ಜಿಗಿತಕ್ಕೆ ಹದವಾಗಿರುತ್ತದೆ, ಆದರೆ ಕೊಯ್ದ ಭತ್ತದ ಕೂಳೆ ನಾಯಿಯ ಪಾದಕ್ಕೂ ಹೊಟ್ಟೆಗೂ ಚುಚ್ಚುವುದರಿಂದ ಮೊದಲು ದನಗಳನ್ನು ಮೇಯಲು ಬಿಟ್ಟು ಅಥವಾ ಕತ್ತರಿಸಿ ನೆಲವನ್ನು ಸಮಮಾಡಬೇಕು. ಹೇಗಿದ್ದರೂ ರೊಬಸ್ಟಾ ಕೊಯ್ಲಿನ ಗಡಿಬಿಡಿಯಲ್ಲಿ ಯಾರಿಗೂ ಬಿಡುವಿರದು. ಫೆಬ್ರವರಿ ಕೊನೆಯಿಂದ ಮೇ ತನಕ, ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಅಥವಾ ಸಂಜೆ ಐದರ ಬಳಿಕ ನಡೆಸಬಹುದು. ಹೂಮಳೆ ಬಿದ್ದ ಮರುದಿನದ ನೆಲ ಎಲ್ಲಕ್ಕಿಂತ ಉತ್ತಮ. ನಮ್ಮ ಜಿಲ್ಲೆಯ ಊರೂರಲ್ಲಿ ಹಾಕಿ ಆಡುವ ಮೈದಾನಗಳಿವೆ. ಶಾಲೆಯ ಅಥವಾ ಸಂಘದ ಅನುಮತಿಯನ್ನು ಬರವಣಿಗೆಯಲ್ಲಿ ಪಡೆದು, ಮಕ್ಕಳು ಬರುವ ಮೊದಲೇ ಮುಗಿಸಿ, ನಾಯಿಯ ಮಲವನ್ನು ತಪ್ಪದೆ ಎತ್ತಿದರೆ ಯಾರೂ ಆಕ್ಷೇಪಿಸಲಾರರು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಓಟದ ಆಸೆ ಬೇಡ. ಒದ್ದೆ ಹಲಗೆ ಜಾರುತ್ತದೆ, ಕೆಸರಿನಲ್ಲಿ ತಿರುಗುವಾಗ ಮೊಣಕಾಲಿನ ಕಟ್ಟು ಹರಿಯುತ್ತದೆ, ಜಿಗಣೆಗಳ ಕಾಟ ಬೇರೆ. ಆದರೆ ಕಾಫಿ ಮಾರಾಟವಾಗಿ ಗೋಡೌನ್ ಖಾಲಿಯಾಗಿರುವುದು ಆ ತಿಂಗಳುಗಳಲ್ಲಿಯೇ. ಕೊಟ್ಟಿಗೆಯಲ್ಲಿ ದನಗಳಿಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್‌ಗಳನ್ನು ತೊಳೆದು ಅಲ್ಲಿ ಸಾಲಾಗಿ ಹಾಸಿದರೆ ಪೆಟ್ಟಿಗೆಯ ಪಾಠ, ನೆಲದ ಕೋಲು, ಸೀಸಾದ ಸದ್ದಿನ ಆಟ, ಕಾಯುವ ಪಾಠ ಎಲ್ಲವನ್ನೂ ನಡೆಸಬಹುದು. ಮಳೆಗಾಲದಲ್ಲಿ ಇವನ್ನು ಶ್ರದ್ಧೆಯಿಂದ ಮಾಡಿದ ನಾಯಿ ಅಕ್ಟೋಬರ್‌ನಲ್ಲಿ ಮೈದಾನಕ್ಕಿಳಿದಾಗ ತೋರಿಸುವ ಪ್ರಗತಿ ನಿಮಗೇ ಆಶ್ಚರ್ಯ ತರುತ್ತದೆ.

ನಾಪೋಕ್ಲುವಿನ ಸದಸ್ಯರು

ಮುಂದೆ ಸ್ಪರ್ಧೆಗೆ ಹೋಗುವ ಆಸೆಯಿದ್ದರೆ ಈಗಿನಿಂದಲೇ ಏನಾದರೂ ಮಾಡಿಕೊಳ್ಳಬೇಕೇ?

ಮಡಿಕೇರಿಯ ಸದಸ್ಯರು

ಮರಿಯ ನೋಂದಣಿ ಪತ್ರ ಮತ್ತು ಮೈಕ್ರೋಚಿಪ್ ಸರಿಯಾಗಿರಲಿ, ಲಸಿಕೆಯ ಪುಸ್ತಕ ಕೈಗೆ ಸಿಗುವಂತಿರಲಿ, ನಿಯಮಗಳನ್ನು ಚೆನ್ನೈಯಲ್ಲಿರುವ ಕೆನಲ್ ಕ್ಲಬ್ ಆಫ್ ಇಂಡಿಯಾದಿಂದ ನೇರವಾಗಿ ಕೇಳಿ ತಿಳಿದುಕೊಳ್ಳಿ. ಅಡ್ಡಕೋಲು ಬಿದ್ದರೆ ಅಥವಾ ಬಣ್ಣದ ಭಾಗವನ್ನು ಮುಟ್ಟದೆ ಹಾರಿದರೆ ಐದು ತಪ್ಪು ಅಂಕಗಳು, ಅಡೆತಡೆಯನ್ನು ಮೂರು ಸಲ ನಿರಾಕರಿಸಿದರೆ ಅನರ್ಹತೆ ಎಂಬ ಮೂಲನಿಯಮಗಳನ್ನು ಅಭ್ಯಾಸದಲ್ಲಿಯೂ ಪಾಲಿಸಿದರೆ ಮುಂದೆ ಗೊಂದಲವಾಗದು. ಇದಕ್ಕಿಂತ ಹೆಚ್ಚಿನ ಸಿದ್ಧತೆ ಈಗ ಬೇಕಿಲ್ಲ.

ಪೊನ್ನಂಪೇಟೆಯ ಸದಸ್ಯರು

ಹಾಗಾದರೆ ಬರುವ ಭಾನುವಾರ ಬೆಳಿಗ್ಗೆ ಏಳೂವರೆಗೆ ನಮ್ಮ ಮನೆಯ ಹಿಂದಿನ ಗದ್ದೆಯಲ್ಲಿ ಸೇರೋಣವೆಂದು ನಿರ್ಧರಿಸಿದ್ದೇವೆ. ಕೂಳೆಯನ್ನು ನಾಳೆಯೇ ಕತ್ತರಿಸಿಸುತ್ತೇನೆ. ಮಡಿಕೇರಿಯವರು ಒಮ್ಮೆ ಬಂದು ನೋಡಿದರೆ ನಮಗೆಲ್ಲ ದೊಡ್ಡ ಉಪಕಾರ. ಸುಂಟಿಕೊಪ್ಪದ ಅಕ್ಕನವರೂ ತಮ್ಮ ನಾಯಿಯನ್ನು ಕರೆತರಬೇಕು, ಅವರಿಗಾಗಿ ಗದ್ದೆಯ ಆಚೆ ಬದಿಯ ಮರದ ನೆರಳನ್ನು ಬಿಟ್ಟಿಡುತ್ತೇವೆ.

ಮಡಿಕೇರಿಯ ಸದಸ್ಯರು

ಬರುತ್ತೇನೆ. ಎಲ್ಲರೂ ನಾಯಿಗೆ ಹಿಂದಿನ ರಾತ್ರಿಯ ಊಟ ಕೊಟ್ಟು, ಬೆಳಗಿನ ಊಟವನ್ನು ತರಗತಿಯ ಬಳಿಕಕ್ಕೆ ಉಳಿಸಿಕೊಳ್ಳಿ. ತುಂಬಿದ ಹೊಟ್ಟೆಯಲ್ಲಿ ಓಡಿಸಬಾರದು. ಸ್ವಂತ ನೀರಿನ ಬಟ್ಟಲು, ಮನೆಯಲ್ಲಿ ಅದು ಮಲಗುವ ಚಾಪೆ, ಲಸಿಕೆಯ ಪುಸ್ತಕ, ಉದ್ದ ಹಗ್ಗ ಮತ್ತು ಹಾರ್ನೆಸ್ ತನ್ನಿ. ಕೊರಳು ಬಿಗಿಯುವ ಸರಪಳಿಯನ್ನು ದಯವಿಟ್ಟು ಮನೆಯಲ್ಲಿಯೇ ಬಿಟ್ಟು ಬನ್ನಿ. ನೆಲದ ಕೋಲುಗಳನ್ನು ನಾನು ತರುತ್ತೇನೆ. ಪೆಟ್ಟಿಗೆ ಮಾತ್ರ ನಿಮ್ಮಲ್ಲಿಯೇ ಇರಲಿ, ಅದರ ಮೇಲ್ಭಾಗಕ್ಕೆ ಗೋಣಿಯನ್ನು ಬಿಗಿಯಾಗಿ ಸುತ್ತಿ, ಗಂಟನ್ನು ಅಡಿಭಾಗಕ್ಕೆ ಹಾಕಿಸಿ.